ನೋಡ್‌ಗೆ ನಮ್ಮದೇ ಪ್ಯಾಚ್: ‘ಎರಡನೇ ಸಲದ ಚೆಕ್’ ತೆಗೆಯಬಹುದಾ?

ಪ್ಯಾಚ್‌ಪುಟ

ಎಲ್ಲರಿಗೂ ನಮಸ್ಕಾರ. ನಮ್ಮ ತಂಡ ಕೆಲವು ಬಿಟ್‌ಕಾಯಿನ್ ಕೋರ್ ನೋಡ್‌ಗಳನ್ನು (ಬಿಟ್‌ಕಾಯಿನ್ ವಹಿವಾಟು, ಬ್ಲಾಕ್‌ಗಳನ್ನು ಪರಿಶೀಲಿಸುವ ತಂತ್ರಾಂಶ ಓಡುವ ಯಂತ್ರಗಳನ್ನು) ನಡೆಸುತ್ತದೆ. ಮೂಲ ಕೋಡ್‌ನ ಮೇಲೆ ನಮ್ಮದೇ ಮೂರು ಪ್ಯಾಚ್‌ಗಳಿವೆ. ಮೊದಲು ಇಲ್ಲಿದ್ದವರು ಬರೆದಿಟ್ಟು ಹೋದದ್ದು. ಹೊಸ ಆವೃತ್ತಿ ಬಂದಾಗಲೆಲ್ಲ ಅವನ್ನು ರಿಬೇಸ್ ಮಾಡುವ (ಹೊಸ ಕೋಡ್‌ಗೆ ಹೊಂದಿಸಿ ಮತ್ತೆ ಕೂರಿಸುವ) ಕೆಲಸ ಈಗ ನನಗೆ ಬಂದಿದೆ.

ಮೊದಲನೆಯದು ಲಾಗ್‌ಗೆ ಸಂಬಂಧಿಸಿದ್ದು. ಯಾವ ಬ್ಲಾಕ್ ಯಾವ ಪಿಯರ್‌ನಿಂದ (ನಮ್ಮ ಜೊತೆ ಸಂಪರ್ಕದಲ್ಲಿರುವ ಬೇರೆ ನೋಡ್‌ನಿಂದ) ಎಷ್ಟು ಹೊತ್ತಿಗೆ ಬಂತು ಅಂತ ಬರೆಯುತ್ತದೆ. ಎರಡನೆಯದು ಒಂದು ಆರ್‌ಪಿಸಿ (ಹೊರಗಿನ ಪ್ರೋಗ್ರಾಂ ನೋಡ್‌ಗೆ ಕೇಳುವ ಪ್ರಶ್ನೆ) ಉತ್ತರಕ್ಕೆ ಒಂದು ಫೀಲ್ಡ್ ಸೇರಿಸುತ್ತದೆ. ಇವೆರಡರ ಬಗ್ಗೆ ನನಗೆ ಚಿಂತೆ ಇಲ್ಲ.

ಮೂರನೆಯದರ ಬಗ್ಗೆ ನಿಮ್ಮನ್ನು ಕೇಳಬೇಕು. ಕಾಂಪ್ಯಾಕ್ಟ್ ಬ್ಲಾಕ್ ಆಗಿ (ಟ್ರಾನ್ಸಾಕ್ಷನ್‌ಗಳ ಬದಲು ಹೆಚ್ಚಾಗಿ ಅವುಗಳ ಚಿಕ್ಕ ಗುರುತುಗಳಷ್ಟೇ ಇರುವ ಸಂದೇಶವಾಗಿ) ಬಂದ ಬ್ಲಾಕ್‌ನಲ್ಲಿರುವ ಟ್ರಾನ್ಸಾಕ್ಷನ್‌ಗಳಿಗೆ, ಅವುಗಳ ರಚನೆ ಸರಿಯಿದೆಯಾ ಅಂತ ನೋಡುವ ‘ಚೆಕ್‌ಟ್ರಾನ್ಸಾಕ್ಷನ್’ ಅನ್ನುವ ಫಂಕ್ಷನ್ ಅನ್ನು ಅದು ಮತ್ತೆ ಓಡಿಸುವುದಿಲ್ಲ. ಪ್ಯಾಚ್‌ನ ಜೊತೆಗಿರುವ ಟಿಪ್ಪಣಿ ಹೇಳುವುದು ಇಷ್ಟೇ: ಇವೆಲ್ಲ ಮೆಂಪೂಲ್‌ಗೆ (ಬ್ಲಾಕ್ ಸೇರಲು ಕಾಯುವ ಟ್ರಾನ್ಸಾಕ್ಷನ್‌ಗಳ ಪಟ್ಟಿಗೆ) ಬರುವಾಗಲೇ ಚೆಕ್ ಆಗಿವೆ, ಎರಡನೇ ಸಲ ಮಾಡುವುದು ದಂಡ. ಓದಿದರೆ ಸರಿ ಅನ್ನಿಸುತ್ತದೆ. ಆದರೂ ಸುಮ್ನೆ ರಿಬೇಸ್ ಮಾಡಿ ಮುಂದೆ ಹೋಗಲು ಮನಸ್ಸು ಒಪ್ಪುತ್ತಿಲ್ಲ. ಉಳಿಸಿಕೊಳ್ಳಬೇಕಾ, ಬಿಡಬೇಕಾ?

ಹಳೇನೋಡ್

ಬಿಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ನಿಮ್ಮ ಟಿಪ್ಪಣಿಯಲ್ಲಿರುವ ವಾದ ಹೊಸದಲ್ಲ. 2016ರಲ್ಲಿ ಬಿಟ್‌ಕಾಯಿನ್ ಕೋರ್‌ನ ಮೂಲ ಕೋಡ್‌ಗೇ ಹೆಚ್ಚುಕಡಿಮೆ ಇದೇ ವಾದದ ಮೇಲೆ ಒಂದು ಬದಲಾವಣೆ ಸೇರಿತು. ಒಂದು ಟ್ರಾನ್ಸಾಕ್ಷನ್ ಒಂದೇ ಇನ್‌ಪುಟ್ ಅನ್ನು (ಖರ್ಚು ಮಾಡಲು ಎತ್ತಿಕೊಂಡ ನಾಣ್ಯವನ್ನು) ಎರಡು ಸಲ ಖರ್ಚು ಮಾಡುತ್ತಿದೆಯಾ ಅಂತ ನೋಡುವ ಚೆಕ್ ಅದು. ಬ್ಲಾಕ್ ಬಂದಾಗ ಇದು ನಿಧಾನ ಮಾಡುತ್ತದೆ, ಹೇಗೂ ಮುಂದಿನ ಹಂತದಲ್ಲಿ ನಾಣ್ಯ ಖರ್ಚಾಗುವಾಗ ಸಿಕ್ಕಿಬೀಳುತ್ತದೆ ಅಂತ ಬ್ಲಾಕ್‌ನ ದಾರಿಯಲ್ಲಿ ಅದನ್ನು ಬಿಟ್ಟರು. 0.14ನೇ ಆವೃತ್ತಿಯಲ್ಲಿ ಅದು ಹೊರಬಂತು.

0.14ರಲ್ಲಿ ಅಂಥ ಬ್ಲಾಕ್ ಬಂದರೆ ಮುಂದಿನ ಹಂತದ ಅಸರ್ಟ್ (‘ಹೀಗೇ ಇರಬೇಕು, ಇಲ್ಲದಿದ್ದರೆ ನಿಲ್ಲು’ ಅನ್ನುವ ಸಾಲು) ಹೊಡೆದು ನೋಡ್ ಬಿದ್ದುಹೋಗುತ್ತಿತ್ತು. ಕೆಟ್ಟದ್ದೇ, ಆದರೆ ದುಡ್ಡು ಹುಟ್ಟುತ್ತಿರಲಿಲ್ಲ. 0.15ರಲ್ಲಿ ಖರ್ಚಾಗದ ಔಟ್‌ಪುಟ್‌ಗಳನ್ನು (ಟ್ರಾನ್ಸಾಕ್ಷನ್‌ನಿಂದ ಹುಟ್ಟುವ ನಾಣ್ಯಗಳನ್ನು) ಇಡುವ ರೀತಿಯನ್ನೇ ಬದಲಿಸಿದರು. ಮುಂಚೆ ಒಂದು ಟ್ರಾನ್ಸಾಕ್ಷನ್‌ಗೆ ಒಂದು ದಾಖಲೆ ಇತ್ತು, ಆಮೇಲೆ ಒಂದು ಔಟ್‌ಪುಟ್‌ಗೆ ಒಂದು ದಾಖಲೆ. ಒಳ್ಳೆಯ ಬದಲಾವಣೆಯೇ. ಆದರೆ ಅದರ ಜೊತೆಗೆ ಆ ಅಸರ್ಟ್‌ನ ಅರ್ಥವೂ ಬದಲಾಯಿತು. ಹಿಂದಿನ ಬ್ಲಾಕ್‌ನಲ್ಲಿ ಹುಟ್ಟಿದ ನಾಣ್ಯವನ್ನು ಖರ್ಚು ಮಾಡಿದರೆ, ‘ಖರ್ಚಾಗಿದೆ’ ಅನ್ನುವ ಗುರುತಿನ ಜೊತೆ ಅದರ ದಾಖಲೆ ಕ್ಯಾಶ್ ಮೆಮೊರಿಯಲ್ಲೇ ಉಳಿಯುತ್ತದೆ. ಎರಡನೇ ಸಲ ಖರ್ಚು ಮಾಡಲು ಹೋದರೆ ಕೋಡ್ ಕೇಳುವುದು ‘ದಾಖಲೆ ಇದೆಯಾ’ ಅಂತ ಮಾತ್ರ. ಇದೆ. ಸರಿ, ಮುಂದೆ ಹೋಗು. ಅಂದರೆ ಬ್ಲಾಕ್ ಕಟ್ಟುವ ಒಬ್ಬ ಮೈನರ್ ಮನಸ್ಸು ಮಾಡಿದ್ದರೆ ಇಲ್ಲದ ಬಿಟ್‌ಕಾಯಿನ್ ಹುಟ್ಟಿಸಬಹುದಿತ್ತು.

ಇದೇ ಸಿವಿಇ-2018-17144 (ಭದ್ರತಾ ದೋಷಗಳ ಸಾರ್ವಜನಿಕ ಪಟ್ಟಿಯಲ್ಲಿ ಇದರ ಸಂಖ್ಯೆ). 2018ರ ಸೆಪ್ಟೆಂಬರ್ 17ರಂದು ವರದಿ ಬಂತು, ಮರುದಿನ 0.16.3 ಹೊರಬಂತು. ತಿದ್ದುಪಡಿ ಎಷ್ಟು ದೊಡ್ಡದು ಗೊತ್ತಾ? ಆ ಫಂಕ್ಷನ್ ಕರೆಯುವ ಒಂದು ಸಾಲಿನಲ್ಲಿ ‘ಫಾಲ್ಸ್’ ಇದ್ದದ್ದು ‘ಟ್ರೂ’ ಆಯಿತು. ಮುಖ್ಯ ನೆಟ್‌ವರ್ಕ್‌ನಲ್ಲಿ ಯಾರೂ ಅದನ್ನು ದುರುಪಯೋಗ ಮಾಡಿಕೊಳ್ಳಲಿಲ್ಲ.

2016ರ ಆ ಬದಲಾವಣೆಯನ್ನು ಹಲವರು ನೋಡಿ ಒಪ್ಪಿದ್ದರು. ಅನುಭವ ಇದ್ದವರೇ. ಅವತ್ತಿನ ಮಟ್ಟಿಗೆ ‘ಮುಂದೆ ಸಿಕ್ಕಿಬೀಳುತ್ತದೆ’ ಅನ್ನುವ ಮಾತೂ ನಿಜವೇ ಆಗಿತ್ತು. ಆ ಮಾತು ಇನ್ನೊಂದು ಕಡೆಯ ಕೋಡ್ ಮೇಲೆ ನಿಂತಿತ್ತು. ಆ ಕೋಡ್ ಬದಲಿಸುವಾಗ ತಮ್ಮ ಮೇಲೆ ಏನು ನಿಂತಿದೆ ಅನ್ನುವುದು ಯಾರಿಗೂ ಕಾಣಲಿಲ್ಲ.

ಹೊಸಬ್ಲಾಕ್

ಒಂದು ಅನುಮಾನ. ಅಂಥ ಟ್ರಾನ್ಸಾಕ್ಷನ್ ಅನ್ನು ಮೆಂಪೂಲ್ ಒಳಗೇ ಬಿಡುತ್ತಿರಲಿಲ್ಲ ಅಲ್ವಾ? ಹಾಗಾದರೆ ಬ್ಲಾಕ್‌ಗೆ ಹೇಗೆ ಸೇರುತ್ತಿತ್ತು?

ಹಳೇನೋಡ್

ಮೆಂಪೂಲ್ ಅನ್ನುವುದು ನಿಮ್ಮ ನೋಡ್‌ನ ಸ್ವಂತ ಪಟ್ಟಿ. ಬ್ಲಾಕ್ ಕಟ್ಟುವವರು ಮೈನರ್. ಮೆಂಪೂಲ್ ಕಣ್ಣಿಗೇ ಬೀಳದ ಟ್ರಾನ್ಸಾಕ್ಷನ್ ಅನ್ನು ಅವರು ನೇರವಾಗಿ ಬ್ಲಾಕ್‌ಗೆ ಹಾಕಬಹುದು. ಅದಕ್ಕೇ ಬ್ಲಾಕ್‌ನ ದಾರಿಯಲ್ಲಿ ಎಲ್ಲವನ್ನೂ ಮೊದಲಿನಿಂದ ನೋಡಬೇಕು. ಮೆಂಪೂಲ್ ಏನು ಹೇಳಿತು ಅನ್ನುವುದು ಅಲ್ಲಿ ಲೆಕ್ಕಕ್ಕೇ ಬರಬಾರದು.

ಹಾಗಂತ ಇದು ಪುಕ್ಕಟೆ ದಾಳಿ ಅಲ್ಲ. ನಿಜವಾದ ಪ್ರೂಫ್ ಆಫ್ ವರ್ಕ್ (ಬ್ಲಾಕ್ ಕಟ್ಟಲು ಬೇಕಾದ ದುಬಾರಿ ಲೆಕ್ಕ) ಮಾಡಿ, ಕೆಟ್ಟ ಬ್ಲಾಕ್ ಕಟ್ಟಬೇಕು. 2018ರಲ್ಲಿ ಒಂದು ಬ್ಲಾಕ್‌ನ ಸಬ್ಸಿಡಿ (ಕಟ್ಟಿದವರಿಗೆ ಸಿಗುವ ಹೊಸ ನಾಣ್ಯ) 12.5 ಬಿಟ್‌ಕಾಯಿನ್. ಉಳಿದವರು ತಿರಸ್ಕರಿಸಿದರೆ ಅಷ್ಟೂ ಹೋಯಿತು.

ಟೆಸ್ಟ್‌ಮೊದಲು

ಇತಿಹಾಸ ಸರಿ. ಈಗ ಪ್ಯಾಚ್ ನೋಡೋಣ. ‘ಚೆಕ್ ಆಗಿದೆ’ ಅನ್ನುವ ಗುರುತನ್ನು ಅದು ಎಲ್ಲಿ ಇಡುತ್ತದೆ? ಪ್ರತಿ ಟ್ರಾನ್ಸಾಕ್ಷನ್ ಮೇಲಾ, ಇಡೀ ಬ್ಲಾಕ್ ಮೇಲಾ?

ಪ್ಯಾಚ್‌ಪುಟ

ಬ್ಲಾಕ್ ಮೇಲೆ ಸರ್. ಬ್ಲಾಕ್ ಆಬ್ಜೆಕ್ಟ್‌ನಲ್ಲಿ ‘ಎಫ್‌ಚೆಕ್ಡ್’ ಅಂತ ಒಂದು ಫ್ಲ್ಯಾಗ್ ಮೊದಲೇ ಇದೆಯಲ್ಲ, ಅದರ ಪಕ್ಕದಲ್ಲೇ ಇನ್ನೊಂದು ಹಾಕಿದ್ದಾರೆ. ಕಾಂಪ್ಯಾಕ್ಟ್ ಬ್ಲಾಕ್ ಪೂರ್ತಿ ಜೋಡಣೆ ಆದ ಕೂಡಲೇ ಅದು ಟ್ರೂ ಆಗುತ್ತದೆ. ಮುಂದೆ ‘ಚೆಕ್‌ಬ್ಲಾಕ್’ ಅದನ್ನು ನೋಡಿ ಟ್ರಾನ್ಸಾಕ್ಷನ್‌ಗಳ ಲೂಪ್ ಅನ್ನೇ ಹಾರಿಸುತ್ತದೆ.

ಟೆಸ್ಟ್‌ಮೊದಲು

ಹಾಗಿದ್ದರೆ ತೂತು ಅಲ್ಲೇ ಇದೆ.

ಕಾಂಪ್ಯಾಕ್ಟ್ ಬ್ಲಾಕ್‌ನಲ್ಲಿ ಬರುವುದು ಹೆಡರ್ ಮತ್ತು ಪ್ರತಿ ಟ್ರಾನ್ಸಾಕ್ಷನ್‌ಗೆ 6 ಬೈಟ್‌ನ ಒಂದು ಗುರುತು. ನೋಡ್ ತನ್ನ ಮೆಂಪೂಲ್‌ನಲ್ಲಿ ಹುಡುಕಿ ಹೊಂದಿಸುತ್ತದೆ. ಹೊಂದದೆ ಉಳಿದದ್ದನ್ನು ‘ಗೆಟ್‌ಬ್ಲಾಕ್‌ಟಿಎಕ್ಸ್‌ಎನ್’ ಕಳಿಸಿ ಪಿಯರ್ ಹತ್ತಿರ ಕೇಳುತ್ತದೆ. ಪಿಯರ್ ಅವನ್ನು ‘ಬ್ಲಾಕ್‌ಟಿಎಕ್ಸ್‌ಎನ್’ ಸಂದೇಶದಲ್ಲಿ ಕೊಡುತ್ತದೆ. ಹೀಗೆ ಕೇಳಿ ಪಡೆದವು ನಿಮ್ಮ ಮೆಂಪೂಲ್ ಅನ್ನು ನೋಡಿಯೇ ಇಲ್ಲ. ಆದರೂ ನಿಮ್ಮ ಫ್ಲ್ಯಾಗ್ ಇಡೀ ಬ್ಲಾಕ್‌ಗೆ ಟ್ರೂ.

ಈಗ ಒಬ್ಬ ಮೈನರ್ ಒಂದೇ ಇನ್‌ಪುಟ್ ಅನ್ನು ಎರಡು ಸಲ ಬರೆದ ಟ್ರಾನ್ಸಾಕ್ಷನ್ ಹಾಕಿ ಬ್ಲಾಕ್ ಕಟ್ಟಿದ ಅಂತ ಇಟ್ಟುಕೊಳ್ಳಿ. ನಿಮ್ಮ ನೋಡ್ ಅದನ್ನು ಕೇಳಿ ಪಡೆಯುತ್ತದೆ, ಜೋಡಿಸುತ್ತದೆ, ಮರ್ಕಲ್ ರೂಟ್ (ಬ್ಲಾಕ್‌ನ ಎಲ್ಲ ಟ್ರಾನ್ಸಾಕ್ಷನ್‌ಗಳಿಗೂ ಸೇರಿದ ಒಂದೇ ಬೆರಳಚ್ಚು) ಸರಿಹೋಗುತ್ತದೆ, ಚೆಕ್ ಹಾರಿಹೋಗುತ್ತದೆ. ಇನ್‌ಪುಟ್‌ಗಳು ಇವೆಯಾ ಅಂತ ಕೇಳುವ ಹಂತ ಖರ್ಚು ಮಾಡುವ ಮುಂಚಿನದ್ದು, ಹಾಗಾಗಿ ಅಲ್ಲಿ ಎರಡೂ ‘ಇದೆ’. ಮೊತ್ತ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಖರ್ಚು ಮಾಡುವ ಹಂತದ ಕಥೆ ಮೇಲೆ ಹಳೇನೋಡ್ ಹೇಳಿದ್ದೇ. 2018ರಲ್ಲಿ ಮುಚ್ಚಿದ ಬಾಗಿಲನ್ನು ನಿಮ್ಮ ನೋಡ್‌ನಲ್ಲಿ ಮಾತ್ರ ಮತ್ತೆ ತೆಗೆದಂತಾಯಿತು.

ನೆಟ್‌ವರ್ಕ್‌ಗೆ ಇದರಿಂದ ಏನೂ ಆಗುವುದಿಲ್ಲ. ಉಳಿದವರು ಆ ಬ್ಲಾಕ್ ಅನ್ನು ಎಸೆಯುತ್ತಾರೆ. ಪೆಟ್ಟು ನಿಮಗೇ. ಹೆಚ್ಚು ಕೆಲಸ ಇರುವ ಸರಪಳಿ ಬಂದು ನಿಮ್ಮ ನೋಡ್ ಹಿಂದೆ ಸರಿಯುವವರೆಗೆ, ಬೇರೆ ಯಾರೂ ಒಪ್ಪದ ಒಂದು ಪಾವತಿಗೆ ‘ಒಂದು ಕನ್ಫರ್ಮೇಷನ್’ ಅಂತ ಅದು ಹೇಳುತ್ತಿರುತ್ತದೆ. ಅದನ್ನು ನಂಬಿ, ನೋಡ್‌ಗೆ ಜೋಡಿಸಿರುವ ನಿಮ್ಮ ವ್ಯವಸ್ಥೆ ಏನು ಮಾಡುತ್ತದೆ ಅನ್ನುವುದು ನಿಮಗೇ ಗೊತ್ತು.

ಒಂದು ಕೆಲಸ ಮಾಡಿ. ಪ್ಯಾಚ್ ಹಾಕಿದ ಕೋಡ್ ಮೇಲೆ ಫಂಕ್ಷನಲ್ ಟೆಸ್ಟ್‌ಗಳನ್ನು ಓಡಿಸಿ. ನನ್ನ ಅಂದಾಜು, ಎಲ್ಲ ಪಾಸ್ ಆಗುತ್ತವೆ. ‘ಪಿ2ಪಿ_ಇನ್‌ವ್ಯಾಲಿಡ್_ಬ್ಲಾಕ್’ ಟೆಸ್ಟ್‌ನಲ್ಲಿ ಈ ಸಿವಿಇಗೇ ಅಂತ ಒಂದು ಭಾಗ ಇದೆ. ಒಂದು ಟ್ರಾನ್ಸಾಕ್ಷನ್‌ನ ಮೊದಲ ಇನ್‌ಪುಟ್ ಅನ್ನೇ ಇನ್ನೊಮ್ಮೆ ಸೇರಿಸಿ, ಮರ್ಕಲ್ ರೂಟ್ ಹೊಸದಾಗಿ ಲೆಕ್ಕಹಾಕಿ, ಬ್ಲಾಕ್ ಕಳಿಸುತ್ತದೆ. ‘ಬ್ಯಾಡ್-ಟಿಎಕ್ಸ್‌ಎನ್‌ಎಸ್-ಇನ್‌ಪುಟ್ಸ್-ಡುಪ್ಲಿಕೇಟ್’ ಅನ್ನುವ ಕಾರಣ ಬರಬೇಕು ಅಂತ ಕಾಯುತ್ತದೆ. ಆದರೆ ಅದು ಕಳಿಸುವುದು ಪೂರ್ತಿ ಬ್ಲಾಕ್, ಕಾಂಪ್ಯಾಕ್ಟ್ ಅಲ್ಲ. ನಿಮ್ಮ ಪ್ಯಾಚ್‌ನ ದಾರಿಗೆ ಅದು ಹೋಗುವುದೇ ಇಲ್ಲ. ಹಸಿರು ಬಣ್ಣ ನೋಡಿ ಹಿಂದಿನವರು ಸಮಾಧಾನಪಟ್ಟಿರಬೇಕು.

ನನ್ನ ಪದ್ಧತಿ ಬೇರೆ. ಕನ್ಸೆನ್ಸಸ್ ಕೋಡ್ (ಯಾವ ಬ್ಲಾಕ್ ಸರಿ ಅಂತ ಎಲ್ಲ ನೋಡ್‌ಗಳೂ ಒಂದೇ ಉತ್ತರ ಕೊಡಬೇಕಾದ ಭಾಗ) ಮುಟ್ಟುವ ಪ್ಯಾಚ್ ಬಂದರೆ ಮೊದಲು ಆ ಚೆಕ್ ಇರುವ ಸಾಲನ್ನೇ ಅಳಿಸಿ ಟೆಸ್ಟ್ ಓಡಿಸುತ್ತೇನೆ. ಏನೂ ಕೆಂಪಾಗದಿದ್ದರೆ ಆ ಸಾಲಿಗೆ ಕಾವಲೇ ಇಲ್ಲ ಅಂತ ಅರ್ಥ. ಮೊದಲು ಸೋಲುವ ಟೆಸ್ಟ್ ಬರೆಯಬೇಕು, ಆಮೇಲೆ ಪ್ಯಾಚ್‌ನ ಮಾತು.

ವೇಗಪ್ರಿಯ

ಒಂದು ಮಾತು ಸೇರಿಸಬೇಕು. ‘ಎರಡು ಸಲ ಮಾಡುವುದನ್ನು ಒಂದು ಸಲಕ್ಕೆ ಇಳಿಸುವುದೇ ತಪ್ಪು’ ಅನ್ನುವ ತೀರ್ಮಾನಕ್ಕೆ ಯಾರೂ ಬರಬೇಡಿ. ಕೋರ್‌ನಲ್ಲೇ ಸಹಿಗಳ ಕ್ಯಾಶ್ ಇದೆ, ಸ್ಕ್ರಿಪ್ಟ್‌ಗಳ (ನಾಣ್ಯ ಖರ್ಚು ಮಾಡಲು ಇರುವ ಷರತ್ತುಗಳ) ಕ್ಯಾಶ್ ಇದೆ. ಮೆಂಪೂಲ್‌ಗೆ ಬರುವಾಗ ನೋಡಿದ ಸಹಿಯನ್ನು ಬ್ಲಾಕ್ ಬಂದಾಗ ಮತ್ತೆ ಲೆಕ್ಕ ಹಾಕುವುದಿಲ್ಲ. ಅದಿಲ್ಲದಿದ್ದರೆ ಬ್ಲಾಕ್ ನೆಟ್‌ವರ್ಕ್‌ನಲ್ಲಿ ಹರಡುವುದೇ ನಿಧಾನವಾಗುತ್ತದೆ. ನಿಧಾನವಾದರೆ ಲಾಭ ಯಾರಿಗೆ? ದೊಡ್ಡ ಮೈನರ್‌ಗಳಿಗೆ. ಹಾಗಾಗಿ ವೇಗ ಅನ್ನುವುದು ಬರೀ ಹುಚ್ಚಲ್ಲ.

ಅದು ಸುರಕ್ಷಿತ ಯಾಕೆ ಅಂದರೆ, ಸ್ಕ್ರಿಪ್ಟ್ ಕ್ಯಾಶ್‌ನ ಕೀಯಲ್ಲಿ ಟ್ರಾನ್ಸಾಕ್ಷನ್‌ನ ವಿಟ್ನೆಸ್ (ಸಹಿಗಳ ಭಾಗ) ಸಮೇತದ ಹ್ಯಾಶ್ ಇದೆ, ಯಾವ ನಿಯಮಗಳ ಪ್ರಕಾರ ನೋಡಿದ್ದು ಅನ್ನುವ ಫ್ಲ್ಯಾಗ್‌ಗಳೂ ಇವೆ. ಒಂದು ಬೈಟ್ ಬದಲಾದರೂ, ಒಂದು ನಿಯಮ ಬದಲಾದರೂ ಕೀ ಹೊಂದುವುದಿಲ್ಲ, ಪೂರ್ತಿ ಚೆಕ್ ನಡೆಯುತ್ತದೆ. ‘ಇದೇ ವಸ್ತುವನ್ನು ಇದೇ ನಿಯಮದಲ್ಲಿ ನಾನೇ ನೋಡಿದ್ದೇನೆ’ ಅನ್ನುವುದಕ್ಕೆ ಅಲ್ಲಿ ಸಾಕ್ಷಿ ಇದೆ. ನಿಮ್ಮ ಪ್ಯಾಚ್‌ನಲ್ಲಿ ಇರುವುದು ‘ಈ ದಾರಿಯಲ್ಲಿ ಬಂದದ್ದನ್ನು ಯಾರೋ ನೋಡಿರುತ್ತಾರೆ’ ಅನ್ನುವ ಊಹೆ.

ಮತ್ತೆ ಕೇಳುತ್ತೇನೆ, ಇದರಿಂದ ಉಳಿತಾಯ ಎಷ್ಟು? ಮೊದಲ ಸಿಂಕ್‌ನಲ್ಲಿ (ಹೊಸ ನೋಡ್ ಹಳೆಯ ಬ್ಲಾಕ್‌ಗಳನ್ನೆಲ್ಲ ಇಳಿಸಿಕೊಳ್ಳುವಾಗ) ಕಾಂಪ್ಯಾಕ್ಟ್ ಬ್ಲಾಕ್ ಬಳಕೆಯಾಗುವುದೇ ಇಲ್ಲ. ಅಂದರೆ ಲಾಭ ಇದ್ದರೂ ಅದು ಸರಪಳಿಯ ತುದಿಯಲ್ಲಿ, ಸರಾಸರಿ 10 ನಿಮಿಷಕ್ಕೆ ಬರುವ ಒಂದು ಬ್ಲಾಕ್‌ಗೆ. ‘ಡೀಬಗ್=ಬೆಂಚ್’ ಹಾಕಿ ಲಾಗ್ ನೋಡಿ. ಅಲ್ಲಿ ‘ಸ್ಯಾನಿಟಿ ಚೆಕ್ಸ್’ ಅಂತ ಒಂದು ಸಾಲು ಬರುತ್ತದೆ, ಅದನ್ನು ಮಾತ್ರ ನಂಬಬೇಡಿ. ಮೊದಲ ಚೆಕ್ ಅದಕ್ಕಿಂತ ಮುಂಚೆಯೇ ಮುಗಿದಿರುತ್ತದೆ, ಎಫ್‌ಚೆಕ್ಡ್ ಇರುವುದರಿಂದ ಆ ಸಾಲಿನಲ್ಲಿ ಏನೂ ಹೊತ್ತು ಕಾಣುವುದಿಲ್ಲ. ‘ಚೆಕ್‌ಬ್ಲಾಕ್’ಗೆ ಅಂತಲೇ ಬೆಂಚ್‌ಮಾರ್ಕ್ ಪ್ರೋಗ್ರಾಂ ಇದೆ, ಅದರಲ್ಲಿ ಅಳೆಯಿರಿ.

ಪ್ಯಾಚ್‌ಪುಟ

ಟಿಪ್ಪಣಿಯಲ್ಲಿ ಅಳತೆಯ ಅಂಕಿ ಒಂದೂ ಇಲ್ಲ. ಅಳೆದು ಬರುತ್ತೇನೆ. ಸಿಂಕ್ ಬೇಗ ಆಗಲಿ ಅನ್ನುವುದೂ ನಮ್ಮ ಆಸೆಯೇ, ಅದಕ್ಕೆ ಬೇರೆ ದಾರಿ ಇದ್ದರೆ ಹೇಳಿ.

ವೇಗಪ್ರಿಯ

ಪ್ಯಾಚ್ ಬೇಡ, ಕಾನ್ಫಿಗ್ ಸಾಕು. ‘ಡಿಬಿಕ್ಯಾಶ್’ (ಡೇಟಾಬೇಸ್‌ಗೆ ಮೀಸಲಿಟ್ಟ ಮೆಮೊರಿ) ಎಷ್ಟಿದೆ ನೋಡಿ. ತುಂಬಾ ಆವೃತ್ತಿಗಳಲ್ಲಿ ಡೀಫಾಲ್ಟ್ 450 ಎಂಬಿ. ಮೆಮೊರಿ ಇರುವ ಯಂತ್ರದಲ್ಲಿ ಅದನ್ನು ಏರಿಸಿದರೆ ಡಿಸ್ಕ್‌ಗೆ ಓಡಾಟ ಕಡಿಮೆಯಾಗುತ್ತದೆ. ಸಿಂಕ್‌ನಲ್ಲಿ ಹೊತ್ತು ತಿನ್ನುವುದು ಜಾಸ್ತಿ ಅದೇ. ಹಳೆಯ ಬ್ಲಾಕ್‌ಗಳ ಸಹಿ ಪರಿಶೀಲನೆಯನ್ನು ‘ಅಸ್ಯೂಮ್‌ವ್ಯಾಲಿಡ್’ ಮೊದಲೇ ಬಿಟ್ಟುಬಿಡುತ್ತದೆ. ಆದರೆ ನಾಣ್ಯಗಳ ಲೆಕ್ಕವನ್ನು ಅದು ಬಿಡುವುದಿಲ್ಲ ಅನ್ನುವುದನ್ನು ಗಮನಿಸಿ.

ಸರಪಳಿಸಾಕ್ಷಿ

ಚೆಕ್ ತೆಗೆಯುವುದರ ಬಗ್ಗೆಯೇ ಎಲ್ಲರೂ ಮಾತಾಡುತ್ತಿದ್ದೀರಿ. ಮಿತಿಯನ್ನು ತೆಗೆಯುವುದೂ ಅಷ್ಟೇ ಅಪಾಯ. 2013ರ ಮಾರ್ಚ್‌ನಲ್ಲಿ ಆದದ್ದು ಅದೇ.

0.8ನೇ ಆವೃತ್ತಿ ಬರ್ಕ್‌ಲಿಡಿಬಿ ಅನ್ನುವ ಡೇಟಾಬೇಸ್ ಬಿಟ್ಟು ಲೆವೆಲ್‌ಡಿಬಿಗೆ ಹೋಗಿತ್ತು. ಎಲ್ಲ ರೀತಿಯಲ್ಲೂ ಉತ್ತಮ. ಮಾರ್ಚ್ 11–12ರ ಹೊತ್ತಿಗೆ ತುಂಬಾ ಇನ್‌ಪುಟ್‌ಗಳಿರುವ ಒಂದು ದೊಡ್ಡ ಬ್ಲಾಕ್ ಬಂತು, ಎತ್ತರ (ಸರಪಳಿಯಲ್ಲಿ ಅದರ ಕ್ರಮಸಂಖ್ಯೆ) 2,25,430. 0.8 ಒಪ್ಪಿತು. ಹಳೆಯ ಆವೃತ್ತಿಗಳಿಗೆ ಆಗಲಿಲ್ಲ. ಬರ್ಕ್‌ಲಿಡಿಬಿಯಲ್ಲಿ ಒಂದು ಸಲಕ್ಕೆ ಇಷ್ಟೇ ಲಾಕ್‌ಗಳು ಅಂತ ಒಂದು ಮಿತಿ ಇತ್ತು, ಆ ಬ್ಲಾಕ್ ಅದನ್ನು ಮೀರಿತು. ಸರಪಳಿ ಎರಡಾಯಿತು.

ಆ ಮಿತಿ ಯಾವ ನಿಯಮದಲ್ಲೂ ಬರೆದಿರಲಿಲ್ಲ. ಬಿಟ್‌ಕಾಯಿನ್ ಕೋಡ್ ಬರೆದವರು ಯೋಚಿಸಿ ಇಟ್ಟದ್ದೂ ಅಲ್ಲ. ಡೇಟಾಬೇಸ್‌ನ ಒಂದು ಸೆಟ್ಟಿಂಗ್ ಅಷ್ಟೇ. ಆದರೆ ಎಲ್ಲ ನೋಡ್‌ಗಳೂ ಅದರೊಳಗೇ ನಡೆಯುತ್ತಿದ್ದವು, ಹಾಗಾಗಿ ಅದೇ ನಿಯಮ ಆಗಿಬಿಟ್ಟಿತ್ತು. ಕೊನೆಗೆ ಹಿಂದೆ ಸರಿದದ್ದು ಉತ್ತಮವಾದ 0.8. ಮೈನರ್‌ಗಳು 0.7ಕ್ಕೆ ಮರಳಿದರು, 0.8ರ ಸರಪಳಿಯನ್ನು ಕೈಬಿಟ್ಟರು. ಆಮೇಲೆ 0.8.1 ಬಂತು. ಹಳೆಯವರಿಗೆ ನುಂಗಲಾಗದ ಬ್ಲಾಕ್‌ಗಳನ್ನು ಅದು ಮೇ 15ರವರೆಗೆ ತಾನೂ ತಿರಸ್ಕರಿಸುತ್ತಿತ್ತು. ಬಿಐಪಿ 50 ಅನ್ನುವ ದಾಖಲೆ ಓದಿ, ಈ ಘಟನೆ ಪೂರ್ತಿ ಇದೆ.

ನೋಡ್‌ಗೆ ಪ್ಯಾಚ್ ಬರೆಯುವವರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಬೇರೆ ಸಾಫ್ಟ್‌ವೇರ್‌ನಲ್ಲಿ ‘ನನ್ನ ಕೋಡ್ ಸರಿ ಇದೆಯಾ’ ಅಂತ ಕೇಳಿದರೆ ಸಾಕು. ಇಲ್ಲಿ ‘ಈ ಪ್ಯಾಚ್ ಹಾಕದವನೂ ಇದೇ ಉತ್ತರ ಕೊಡುತ್ತಾನಾ’ ಅಂತ ಕೇಳಬೇಕು. ನೀವು ಸರಿ ಇದ್ದು ಉಳಿದವರೆಲ್ಲ ತಪ್ಪಿದ್ದರೂ, ಒಂಟಿಯಾಗುವುದು ನೀವೇ.

ಹೊಸಬ್ಲಾಕ್

ಅಂದರೆ ಬಗ್ ಇದ್ದರೂ ಸರಿಮಾಡಬಾರದಾ?

ಸರಪಳಿಸಾಕ್ಷಿ

ಮಾಡಬೇಕು. 2010ರ ಆಗಸ್ಟ್ 15ರಂದು 74,638ನೇ ಬ್ಲಾಕ್‌ನಲ್ಲಿ ಒಂದು ಟ್ರಾನ್ಸಾಕ್ಷನ್ ಬಂತು. ಎರಡು ಔಟ್‌ಪುಟ್, ಒಂದೊಂದೂ 9,200 ಕೋಟಿಗಿಂತ ಜಾಸ್ತಿ ಬಿಟ್‌ಕಾಯಿನ್. ಎರಡನ್ನೂ ಕೂಡಿಸಿದಾಗ 64 ಬಿಟ್‌ನ ಸಂಖ್ಯೆ ಉಕ್ಕಿ, ಮೊತ್ತ ಚಿಕ್ಕದಾಗಿ ಕಂಡಿತು, ಚೆಕ್ ಪಾಸ್ ಆಯಿತು. ಅವತ್ತು ಗಂಟೆಗಳಲ್ಲೇ 0.3.10 ಬಂತು. ಹೊಸ ಕೋಡ್‌ನ ಸರಪಳಿ ಬೆಳೆದು ಕೆಟ್ಟದ್ದನ್ನು ಹಿಂದೆ ಹಾಕಿತು. ನಿಯಮವನ್ನು ಬಿಗಿ ಮಾಡಿದರೆ, ಹೆಚ್ಚಿನ ಮೈನರ್‌ಗಳು ಜೊತೆಗಿದ್ದರೆ, ಹಳೆಯ ನೋಡ್‌ಗಳೂ ಹಿಂದೆ ಬರುತ್ತವೆ. ಸಡಿಲ ಮಾಡಿದರೆ ಬರುವುದಿಲ್ಲ. ಆ ವ್ಯತ್ಯಾಸ ತಲೆಯಲ್ಲಿರಲಿ.

ಹೊಸಬ್ಲಾಕ್

ಇನ್ನೊಂದು. 2018ರ ಬಗ್ ಬಗ್ಗೆ ಮೊದಲ ದಿನವೇ ಎಲ್ಲ ಹೇಳಿದರಾ?

ಹಳೇನೋಡ್

ಇಲ್ಲ. 0.16.3 ಬಂದಾಗ ‘ನೋಡ್ ಬೀಳಿಸಬಹುದಾದ ದೋಷ’ ಅಂತ ಮಾತ್ರ ಹೇಳಿದರು. ದುಡ್ಡು ಹುಟ್ಟಿಸಬಹುದಿತ್ತು ಅನ್ನುವುದನ್ನು ಸೆಪ್ಟೆಂಬರ್ 20ರಂದು ಹೇಳಿದರು. ನನಗೆ ಅದು ಸರಿ ಅನ್ನಿಸುತ್ತದೆ. ಬೇಗ ಅಪ್‌ಗ್ರೇಡ್ ಮಾಡಲು ಬೀಳಿಸುವ ದೋಷವೇ ಸಾಕಷ್ಟು ಕಾರಣ. ದಾಳಿಯ ದಾರಿಯನ್ನು ಪೂರ್ತಿ ಬಿಡಿಸಿ ಹೇಳಿದ್ದರೆ ಅಪ್‌ಗ್ರೇಡ್ ಆಗದವರ ಗತಿ?

ಸರಪಳಿಸಾಕ್ಷಿ

ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಗುಟ್ಟಾಗಿ ಸರಿಮಾಡುವುದಕ್ಕೂ ಬೆಲೆ ಇದೆ. ಇಥೀರಿಯಂನ ನೋಡ್ ತಂತ್ರಾಂಶ ಗೆತ್‌ನಲ್ಲಿ ಒಂದು ಕನ್ಸೆನ್ಸಸ್ ದೋಷವನ್ನು ಹೊಸ ಆವೃತ್ತಿಯಲ್ಲಿ ಸದ್ದಿಲ್ಲದೆ ಸರಿಮಾಡಿದ್ದರು. ಹಳೆಯ ಆವೃತ್ತಿಯಲ್ಲೇ ಉಳಿದವರಿಗೆ ತಾವು ಅಪಾಯದಲ್ಲಿದ್ದೇವೆ ಅಂತ ಗೊತ್ತಾಗಲು ದಾರಿಯೇ ಇರಲಿಲ್ಲ. 2020ರ ನವೆಂಬರ್ 11ರಂದು ಒಂದು ಟ್ರಾನ್ಸಾಕ್ಷನ್ ಅದನ್ನು ಮುಟ್ಟಿತು, ಹಳೆಯ ನೋಡ್‌ಗಳು ಬೇರೆ ಸರಪಳಿಗೆ ಹೋದವು, ಅವನ್ನು ನಂಬಿದ್ದ ಸೇವೆಗಳು ನಿಂತವು.

ಮರುವರ್ಷ ಅದೇ ಗೆತ್ ತಂಡ ಬೇರೆ ದಾರಿ ಹಿಡಿಯಿತು. ಒಂದು ತುರ್ತು ಪ್ಯಾಚ್ ಬರಲಿದೆ ಅಂತ ಮೊದಲೇ ಸಾರಿ, 2021ರ ಆಗಸ್ಟ್ 24ರಂದು 1.10.8 ಬಿಟ್ಟರು. ಮೂರೇ ದಿನಕ್ಕೆ, 27ರಂದು, ಯಾರೋ ಆ ದೋಷವನ್ನು ಬಳಸಿದರು. ಅಪ್‌ಗ್ರೇಡ್ ಮಾಡದವರು ಮತ್ತೆ ಬೇರೆಯಾದರು. ಹೇಳಿದರೂ ಕಷ್ಟ, ಹೇಳದಿದ್ದರೂ ಕಷ್ಟ. ಆದರೆ ಹೇಳಿದಾಗ ನೋಡ್ ನಡೆಸುವವನ ಕೈಯಲ್ಲಿ ಒಂದು ಆಯ್ಕೆಯಾದರೂ ಇರುತ್ತದೆ. ನಾನು ಆ ಕಡೆಗೇ ವಾಲುತ್ತೇನೆ.

ಹಳೇನೋಡ್

ಝೀಕ್ಯಾಶ್ ಅನ್ನುವ, ವಹಿವಾಟಿನ ವಿವರ ಮುಚ್ಚಿಡಬಲ್ಲ ನಾಣ್ಯವನ್ನು ನೋಡಿ. ನಕಲಿ ನಾಣ್ಯ ಹುಟ್ಟಿಸಬಹುದಾದ ದೋಷ 2018ರ ಮಾರ್ಚ್‌ನಲ್ಲಿ ಸಿಕ್ಕಿತು. ಅಕ್ಟೋಬರ್‌ನ ಸ್ಯಾಪ್ಲಿಂಗ್ ಅಪ್‌ಗ್ರೇಡ್ ಒಳಗೇ ಸರಿಮಾಡಿ, 2019ರ ಫೆಬ್ರವರಿಯಲ್ಲಿ ಬಹಿರಂಗ ಮಾಡಿದರು. ನಡುವೆ ಬಾಯಿಬಿಟ್ಟಿದ್ದರೆ ಏನಾಗುತ್ತಿತ್ತು? ಪ್ರೈವಸಿ ನಾಣ್ಯದಲ್ಲಿ ನಕಲಿ ಹುಟ್ಟಿದ್ದು ಕಣ್ಣಿಗೆ ಕಾಣುವುದೂ ಇಲ್ಲ. ದೋಷ ಯಾವ ತರಹದ್ದು ಅನ್ನುವುದರ ಮೇಲೆ ಹೋಗುತ್ತದೆ.

ದೋಷದ ವಿವರವನ್ನು ಯಾವಾಗ ಬಹಿರಂಗ ಮಾಡುತ್ತೇವೆ ಅನ್ನುವುದನ್ನು ಬಿಟ್‌ಕಾಯಿನ್ ಕೋರ್ 2024ರಲ್ಲಿ ಬರೆದು ಹೇಳಿತು, ಅದು ನೆಮ್ಮದಿಯ ವಿಷಯ. ಸಣ್ಣ ದೋಷ ಆದರೆ ತಿದ್ದುಪಡಿ ಬಂದು ಎರಡು ವಾರಕ್ಕೆ ವಿವರ. ಮಧ್ಯಮ, ದೊಡ್ಡ ದೋಷ ಆದರೆ ಆ ದೋಷವಿದ್ದ ಕೊನೆಯ ಆವೃತ್ತಿಯ ನಿರ್ವಹಣೆ ನಿಂತು ಎರಡು ವಾರಕ್ಕೆ. ತೀರಾ ಗಂಭೀರವಾದದ್ದು ಈ ಲೆಕ್ಕದ ಹೊರಗೆ. ಹಾಗಾಗಿ ನಿರ್ವಹಣೆ ನಿಂತ ಆವೃತ್ತಿ ಓಡಿಸುವವರು ಒಂದು ಮಾತು ತಿಳಿದಿರಬೇಕು: ನಿಮ್ಮ ನೋಡ್‌ನ ದೋಷಗಳ ವಿವರ ಒಂದು ದಿನ ಎಲ್ಲರಿಗೂ ಸಿಗುತ್ತದೆ.

ಪ್ಯಾಚ್‌ಪುಟ ಅವರೇ, ನಿಮಗೆ ಇದು ನೇರವಾಗಿ ತಾಗುತ್ತದೆ. ರಿಬೇಸ್ ಕಷ್ಟ ಅಂತ ಅಪ್‌ಗ್ರೇಡ್ ಮುಂದೂಡುವ ತಂಡಗಳನ್ನು ಕಂಡಿದ್ದೇನೆ. ಸ್ವಂತ ಪ್ಯಾಚ್‌ನಿಂದ ಆಗುವ ದೊಡ್ಡ ನಷ್ಟ ಅದೇ.

ಬಿಲ್ಡ್‌ಬಂಧು

ಇನ್ನೊಂದು ನಷ್ಟ ಹೇಳುತ್ತೇನೆ. 22.0ರಿಂದ ಕೋರ್‌ನ ಬೈನರಿಗಳು (ನೇರವಾಗಿ ಓಡಿಸಬಹುದಾದ ಫೈಲ್‌ಗಳು) ಗೀಕ್ಸ್ ಅನ್ನುವ ಬಿಲ್ಡ್ ಸಾಧನದಲ್ಲಿ ತಯಾರಾಗುತ್ತವೆ. ಬೇರೆ ಬೇರೆ ಜನ ತಮ್ಮ ತಮ್ಮ ಯಂತ್ರದಲ್ಲಿ ಬಿಲ್ಡ್ ಮಾಡಿ, ಬೈಟ್‌ಗೆ ಬೈಟ್ ಒಂದೇ ಬಂದಿದೆ ಅಂತ ಸಹಿ ಹಾಕುತ್ತಾರೆ. ಒಂದು ಸಾಲು ಬದಲಿಸಿದ ಕೂಡಲೇ ಆ ಸಹಿಗಳು ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ಬೈನರಿಗೆ ಸಾಕ್ಷಿ ನಿಮ್ಮ ಬಿಲ್ಡ್ ಯಂತ್ರ ಒಂದೇ. ಲಾಗ್‌ಗೋಸ್ಕರ ಅಷ್ಟು ಬೆಲೆ ಕೊಡಬೇಕಾ? ಟ್ರೇಸ್‌ಪಾಯಿಂಟ್‌ಗಳಿವೆ, ಝೀರೋಎಂಕ್ಯೂ ಇದೆ. ಕೋಡ್ ಮುಟ್ಟದೆ ಹೊರಗಿನಿಂದಲೇ ಕೇಳಿಸಿಕೊಳ್ಳಬಹುದು.

ಪ್ಯಾಚ್‌ಪುಟ

ಅಳೆದು, ಟೆಸ್ಟ್ ಬರೆದು ಬಂದಿದ್ದೇನೆ.

ಟೆಸ್ಟ್‌ಮೊದಲು ಹೇಳಿದಂತೆಯೇ ಆಯಿತು. ಈಗಿರುವ ಟೆಸ್ಟ್‌ಗಳೆಲ್ಲ ಪಾಸ್. ಆಮೇಲೆ ರೆಗ್‌ಟೆಸ್ಟ್‌ನಲ್ಲಿ (ಪರೀಕ್ಷೆಗೆ ಅಂತ ನಾವೇ ನಡೆಸುವ ಖಾಸಗಿ ಸರಪಳಿಯಲ್ಲಿ) ಅದೇ ಕೆಟ್ಟ ಬ್ಲಾಕ್ ಅನ್ನು ಕಾಂಪ್ಯಾಕ್ಟ್ ಆಗಿ ಕಳಿಸಿದೆ. ನೋಡ್ ಗೆಟ್‌ಬ್ಲಾಕ್‌ಟಿಎಕ್ಸ್‌ಎನ್ ಕೇಳಿತು, ಕೊಟ್ಟೆ. ಪ್ಯಾಚ್ ಇಲ್ಲದ ನೋಡ್ ಬ್ಲಾಕ್ ಅನ್ನು ತಿರಸ್ಕರಿಸಿತು. ಪ್ಯಾಚ್ ಇರುವ ನೋಡ್‌ನ ಎತ್ತರ ಒಂದು ಏರಿತು. ‘ಗೆಟ್‌ಟಿಎಕ್ಸ್‌ಔಟ್‌ಸೆಟ್‌ಇನ್ಫೋ’ ಕೇಳಿದರೆ ಒಟ್ಟು ಮೊತ್ತ ಇರಬೇಕಾದದ್ದಕ್ಕಿಂತ ಜಾಸ್ತಿ ಇತ್ತು. ಪರದೆ ಮೇಲೆ ಆ ಸಂಖ್ಯೆ ನೋಡಿದಾಗ ಮೈ ಜುಮ್ಮೆಂದಿತು.

ಉಳಿತಾಯದ ಲೆಕ್ಕ ಒಂದು ಬ್ಲಾಕ್‌ಗೆ ಮಿಲಿಸೆಕೆಂಡುಗಳಲ್ಲೇ ಮುಗಿಯಿತು. ಮೂರನೇ ಪ್ಯಾಚ್ ತೆಗೆದಾಯಿತು. ಲಾಗ್ ಪ್ಯಾಚ್ ಅನ್ನು ಟ್ರೇಸ್‌ಪಾಯಿಂಟ್‌ಗೆ ಬದಲಿಸುತ್ತಿದ್ದೇವೆ. ಆರ್‌ಪಿಸಿ ಫೀಲ್ಡ್ ಅನ್ನು ಹೊರಗಿನ ಒಂದು ಸ್ಕ್ರಿಪ್ಟ್ ಲೆಕ್ಕ ಹಾಕಿಕೊಳ್ಳಬಹುದು ಅನ್ನಿಸುತ್ತದೆ. ಅದೂ ಆದರೆ ಸಹಿ ಇರುವ ಬೈನರಿಯನ್ನೇ ನೇರವಾಗಿ ಓಡಿಸುತ್ತೇವೆ. ಆ ಟೆಸ್ಟ್ ಮಾತ್ರ ನಮ್ಮ ಹತ್ತಿರ ಉಳಿಯಲಿ ಅಂತ ಇದೆ.

ಟೆಸ್ಟ್‌ಮೊದಲು

ಇಟ್ಟುಕೊಳ್ಳುವುದಾದರೆ ಇನ್ನೆರಡು ದಾರಿ ಸೇರಿಸಿ. ಕಾಂಪ್ಯಾಕ್ಟ್ ಬ್ಲಾಕ್ ಸಂದೇಶದ ಒಳಗೇ ಕೆಲವು ಟ್ರಾನ್ಸಾಕ್ಷನ್‌ಗಳನ್ನು ಪೂರ್ತಿಯಾಗಿ ತುಂಬಿ ಕಳಿಸಬಹುದು. ಕಾಯಿನ್‌ಬೇಸ್ (ಮೈನರ್‌ಗೆ ಸಬ್ಸಿಡಿ ಕೊಡುವ ಮೊದಲ ಟ್ರಾನ್ಸಾಕ್ಷನ್) ಹಾಗೇ ಬರುತ್ತದೆ, ಬೇರೆಯವೂ ಬರಬಹುದು. ಅವಕ್ಕೆ ನೋಡ್ ಯಾರನ್ನೂ ಕೇಳುವುದೇ ಇಲ್ಲ.

ಇನ್ನೊಂದು, ಬ್ಲಾಕ್ ಜೋಡಿಸಲು ನೋಡ್ ಮೆಂಪೂಲ್ ಒಂದನ್ನೇ ನೋಡುವುದಿಲ್ಲ. ಮೆಂಪೂಲ್‌ನಿಂದ ಹೊರಬಿದ್ದ, ಒಳಗೆ ಸೇರದೆ ಹೋದ ಕೆಲವು ಟ್ರಾನ್ಸಾಕ್ಷನ್‌ಗಳನ್ನೂ ಪಕ್ಕದಲ್ಲಿ ಇಟ್ಟುಕೊಂಡಿರುತ್ತದೆ. ‘ಬ್ಲಾಕ್‌ರೀಕನ್‌ಸ್ಟ್ರಕ್ಷನ್‌ಎಕ್ಸ್‌ಟ್ರಾಟಿಎಕ್ಸ್‌ಎನ್’ ಅನ್ನುವ ಆಯ್ಕೆ ಅದೇ. ಅಂದರೆ ಗುರುತನ್ನು ಪ್ರತಿ ಟ್ರಾನ್ಸಾಕ್ಷನ್ ಮೇಲೆ ಇಟ್ಟಿದ್ದರೂ, ‘ನನ್ನ ಹತ್ತಿರವೇ ಸಿಕ್ಕಿತು’ ಅನ್ನುವುದನ್ನೇ ‘ಚೆಕ್ ಆಗಿದೆ’ ಅಂತ ತಿಳಿದಿದ್ದರೆ ಆ ಪ್ಯಾಚ್ ಆಗಲೂ ಸೋಲುತ್ತಿತ್ತು.

ಪ್ಯಾಚ್‌ಪುಟ

ಇದು ಗೊತ್ತಿರಲಿಲ್ಲ. ಮೂರೂ ದಾರಿಗೆ ಬೇರೆ ಬೇರೆ ಟೆಸ್ಟ್ ಮಾಡುತ್ತೇನೆ. ಬರೆದು ಹಾಕಿದಾಗ ಒಮ್ಮೆ ನೋಡಿ ಕೊಡಿ. ಕೆಟ್ಟ ಟ್ರಾನ್ಸಾಕ್ಷನ್ ಆ ಪಕ್ಕದ ಪಟ್ಟಿಗೆ ನಿಜವಾಗಿ ಸೇರಿತಾ ಅನ್ನುವುದನ್ನು ಟೆಸ್ಟ್‌ನಲ್ಲಿ ಹೇಗೆ ಖಾತ್ರಿ ಮಾಡಿಕೊಳ್ಳುವುದು ಅಂತ ಅಲ್ಲೇ ಕೇಳುತ್ತೇನೆ.